ಸೂಪು ಸುರಿಯುವ ಕೈ

ನಮ್ಮಣ್ಣ ಮೂವತ್ತೊಂದು ವರ್ಷ ಸೂಪು ಸುರಿದ. ಅದೂ ಒಂದು ಕೆಲಸವೇ ಎಂದು ಕೇಳಿದವರು ನಗುತ್ತಾರೆ. ನಗಲಿ. ಕೇಬಲ್ ಕಾರು ಕೊನೆಗೆ ನಿಲ್ಲುವ ಜಾಗದಲ್ಲಿ, ಮೂರು ಕಡೆ ಗಾಜಿನ ಗೋಡೆಯಿದ್ದ ಆ ದೊಡ್ಡ ರೆಸ್ಟೊರೆಂಟಿನಲ್ಲಿ ಸೂಪು ಬಟ್ಟಲಲ್ಲಿ ತುಂಬಿಕೊಂಡು ಬರುವುದಿಲ್ಲ. ಮೊದಲು ಬರುವುದು ಬರೀ ಬಟ್ಟಲು. ತಳದಲ್ಲಿ ಎರಡು ಅಣಬೆ ಚೂರು, ಒಂದು ಎಲೆ. ಆಮೇಲೆ ಸರ್ವರ್ ಬಂದು, ಗಿರಾಕಿಯ ಕಣ್ಣೆದುರಿಗೇ, ಗೇಣೆತ್ತರದಿಂದ ಬೆಳ್ಳಿ ಜಗ್ಗಿನ ಸೂಪು ಸುರಿಯಬೇಕು. ಅಂಚಿಗೆ ಒಂದು ಹನಿ ಸಿಡಿಯಬಾರದು. ಅಣ್ಣ ಸುರಿದರೆ ದಾರ ಬಿಟ್ಟ ಹಾಗೆ ಇಳಿಯುತ್ತಿತ್ತು. ಅದಕ್ಕೇ ಅಡುಗೆಮನೆಯಲ್ಲಿ ಎಲ್ಲರೂ ಅವನನ್ನು ದಾರಣ್ಣ ಎನ್ನುತ್ತಿದ್ದರು.

ಎಂಟು ಬಗೆಯ ಊಟ ಅದು. ತಟ್ಟೆ ನೋಡಿದರೆ ಬಂಡಿ ಚಕ್ರದಷ್ಟು, ಅದರ ನಡುವೆ ತಿನ್ನುವುದು ಹೆಬ್ಬೆರಳಷ್ಟು. ಇದಕ್ಕೆ ಜನ ಆರು ತಿಂಗಳು ಮುಂಚೆಯೇ ಟೇಬಲ್ ಹಿಡಿದು, ಬೆಟ್ಟ ಹತ್ತಿ ಬರುತ್ತಿದ್ದರು! ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ಮಾತು ಅವರಿಗೆ. ನಾವು ಬೆಟ್ಟದ ಮೇಲೇ ಇದ್ದವರು, ಅದರ ಕಲ್ಲುಮುಳ್ಳೆಲ್ಲ ನಮಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಹತ್ತಿರ ಬಂದೆ. ಅವನು ಅಲ್ಲೇ ಪಾತ್ರೆ ತೊಳೆಯುವ ಕೆಲಸ ಕೊಡಿಸಿದ. ಅವನು ಮದುವೆಯಾಗಲಿಲ್ಲ. ಕೇಳಿದರೆ, "ಈ ಸೀಸನ್ ಮುಗೀಲಿ, ನೋಡೋಣ" ಎನ್ನುತ್ತಿದ್ದ. ಸೀಸನ್ ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಅವನ ಬಲಗೈ ನಡುಗಿತು. ಚಳಿ ಎಂದ. ಬೇಸಿಗೆ ಬಂದರೂ ನಡುಕ ಹೋಗಲಿಲ್ಲ. ಕೆಳಗಿನ ಊರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಬಂತು, ನಡುಕ ಹೋಗಲಿಲ್ಲ. "ಇನ್ನು ಹೆಚ್ಚಾಗುತ್ತೆ, ಕಡಿಮೆ ಆಗಲ್ಲ" ಎಂದರಂತೆ ಅವರು. ಮನೆಗೆ ಬಂದು ಅಣ್ಣ ಹೇಳಿದ್ದು ಒಂದೇ ಮಾತು.

"ಹಾಲ್‌ನಿಂದ ನನ್ನ ತೆಗೆದ್ರೆ ನಾನು ಸತ್ತ ಹಾಗೇ ಕಣೇ."

"ಬಿಡ್ತು ಅನ್ನು. ಯಾಕೆ ತೆಗೀತಾರೆ?" ಎಂದೆ. ಬಾಯಿಗೆ ಬಂದದ್ದು ಹೇಳಿದೆ ಅಷ್ಟೆ. ಕೈ ನಡುಗುವ ಸರ್ವರನ್ನು ಯಾವ ಪುಣ್ಯಾತ್ಮ ಇಟ್ಟುಕೊಳ್ಳುತ್ತಾನೆ?

ಆದರೆ ಅಡುಗೆಮನೆ ಬಾಗಿಲ ಗಾಜಿನಿಂದ ನಾನು ಅವನ ಮೇಲೆ ಕಣ್ಣಿಟ್ಟಿದ್ದೆ. ಜಗ್ಗು ತುಂಬಿದ್ದಾಗ ಕೈ ಸುಮ್ಮನಿರುತ್ತಿತ್ತು. ಖಾಲಿಯಾಗುತ್ತ ಬಂದಂತೆ ನಡುಗುತ್ತಿತ್ತು. ಅಂದರೆ ಈ ಕೈಗೆ ಭಾರ ಬೇಕು! ಸ್ಟೋರಿನಲ್ಲಿ ಹಳೆಯ ಕಿಟಕಿ ಪರದೆಗಳು ಬಿದ್ದಿದ್ದವು. ಗಾಳಿಗೆ ಹಾರದಿರಲೆಂದು ಅವುಗಳ ಅಂಚಿನಲ್ಲಿ ಸೀಸದ ಬಿಲ್ಲೆಗಳನ್ನು ಹೊಲಿದಿರುತ್ತಾರೆ. ಆರು ಬಿಲ್ಲೆ ಬಿಚ್ಚಿ ತಂದು ಅಣ್ಣನ ಸರ್ವರ್ ಕೋಟಿನ ಬಲ ತೋಳಿನ ಅಂಚಿಗೆ, ಒಳಗಡೆ ಹೊಲಿದೆ.

"ಏನೇ ಇದು, ನನ್ನನ್ನೂ ಪರದೆ ಮಾಡ್ತೀಯಾ?" ಎಂದು ನಕ್ಕ.

"ಸುಮ್ಮನೆ ಹಾಕ್ಕೋ ಮಾರಾಯ."

ಹಾಕಿಕೊಂಡ. ನೀರು ತುಂಬಿದ ಚೊಂಬೆತ್ತಿ ಲೋಟಕ್ಕೆ ಸುರಿದ. ದಾರ! ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು. ಒಂದಿಡೀ ಸೀಸನ್ ಅದರಲ್ಲೇ ಹೋಯಿತು. ಕೋಟುಗಳನ್ನು ಲಾಂಡ್ರಿಗೆ ಹಾಕುವ ದಿನ ಅವನದನ್ನು ನಾನು ಎತ್ತಿಟ್ಟುಕೊಂಡು ಮನೆಯಲ್ಲೇ ಒಗೆಯುತ್ತಿದ್ದೆ. ಯಾರಿಗೂ ಗುಮಾನಿ ಬರಲಿಲ್ಲ.

ಈ ವರ್ಷ ಆರು ಬಿಲ್ಲೆ ಸಾಲದಾಯಿತು. ಎಂಟು ಮಾಡಿದೆ. ಆಮೇಲೆ ಹನ್ನೊಂದು. ತೋಳು ಜೋತು ಬೀಳುತ್ತಿತ್ತು. ನೋಡಿದೆ, ನೋಡಿಯೂ ಸರಿಹೋಗುತ್ತದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪ್ರತಿ ವರ್ಷ ಬಂದು ಕಿಟಕಿ ಪಕ್ಕದ ಟೇಬಲಿನಲ್ಲೇ ಕೂರುವ ಒಬ್ಬ ವಯಸ್ಸಾದ ಡಾಕ್ಟರಮ್ಮ ಇದ್ದರು. ಅಣ್ಣನೇ ಬಡಿಸಬೇಕು ಅವರಿಗೆ. ಅವತ್ತು ಮಧ್ಯಾಹ್ನ ಅವನು ಸುರಿಯಲು ಬಗ್ಗಿದಾಗ ತೋಳು ಜೋತು ನೀರಿನ ಗ್ಲಾಸಿಗೆ ಟಣ್ ಎಂದು ತಾಗಿತು. ಬಟ್ಟೆ ತಾಗಿದರೆ ಟಣ್ ಎನ್ನುತ್ತದೆಯೇ? ಆ ತಾಯಿ ಮೆಲ್ಲಗೆ ಅವನ ಮಣಿಕಟ್ಟು ಹಿಡಿದರು, ತೋಳಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದರು. ಬಾಗಿಲ ಹಿಂದಿದ್ದ ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಗಾಜಿಗೆ ಮುಖ ಒತ್ತಿದೆ.

ಅಣ್ಣ ಒಳಗೆ ಬಂದವನು ಖುಷಿಯಾಗಿಯೇ ಇದ್ದ. "ಏನೂ ಅನ್ನಲಿಲ್ಲ ಕಣೇ. ನಕ್ಕರು ಅಷ್ಟೆ. ಹೋಗೋವಾಗ ಕಾರ್ಡಿನ ತುಂಬ ಬರೆದಿದ್ದಾರೆ, ಹಿಂದೂ ಮುಂದೂ!"

ಗಿರಾಕಿಗಳು ಬರೆದ ಕಾರ್ಡನ್ನು ಮರುದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮ್ಯಾನೇಜರ್ ಓದುತ್ತಾನೆ. ಹೊಗಳಿಕೆ ಬಂದವರು ಮುಂದೆ ಬರಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಕಾರ್ಡನ್ನು ಮೊದಲೇ ಓದಿಕೊಳ್ಳುವ ಅಭ್ಯಾಸ ಆ ಮಹಾಶಯನಿಗೆ ಇರಲಿಲ್ಲ. ಅಣ್ಣನನ್ನು ಮುಂದೆ ಕರೆದ. ಅಣ್ಣ ಕೋಟಿನ ಗುಂಡಿ ಸರಿಮಾಡಿಕೊಂಡು ನಿಂತ.

"ಎಷ್ಟೋ ದೇಶ ಸುತ್ತಿದ್ದೇನೆ, ಇಂಥ ಉಪಚಾರ ಎಲ್ಲೂ ಕಂಡಿಲ್ಲ," ಎಂದು ಮ್ಯಾನೇಜರ್ ದೊಡ್ಡ ಗಂಟಲಲ್ಲಿ ಓದಿದ. ಚಪ್ಪಾಳೆ. ಕಾರ್ಡು ತಿರುಗಿಸಿದ. "ಆದರೆ ಇವರ ಕೈ ನಡುಗುತ್ತಿದೆ. ಪಾಪ, ಯಾರಿಗೂ ತಿಳಿಯಬಾರದೆಂದು ತೋಳಿನಲ್ಲಿ ಸೀಸ ಹೊಲಿದುಕೊಂಡು ದುಡಿಯುತ್ತಿದ್ದಾರೆ. ದಯವಿಟ್ಟು ಇವರಿಗೆ ವಿಶ್ರಾಂತಿ ಕೊಡಿ."

ಓದುವ ಭರದಲ್ಲಿ ಅವನಿಗೆ ನಿಲ್ಲಿಸಲು ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ, ಕೇಳಿಸಿಕೊಳ್ಳದವನು, ಇನ್ನೂ ಚಪ್ಪಾಳೆ ತಟ್ಟುತ್ತಿದ್ದ.

ಆ ಡಾಕ್ಟರಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಟ್ಟವರಾಗಿದ್ದರೆ ಶಾಪ ಹಾಕಿಯಾದರೂ ಹಗುರಾಗುತ್ತಿದ್ದೆ. ಒಳ್ಳೆಯವರನ್ನು ಏನು ಮಾಡುವುದು?

ಮ್ಯಾನೇಜರ್ ಅಣ್ಣನನ್ನು ಕೋಣೆಗೆ ಕರೆದು, "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಇನ್ನು ಆರಾಮಾಗಿರಿ" ಎಂದ. ಕೋಟು ವಾಪಸು ಕೊಡಬೇಕಿತ್ತು. ಸೀಸವನ್ನೆಲ್ಲ ಬಿಚ್ಚಿ, ಇಸ್ತ್ರಿ ಮಾಡಿ ಕೊಟ್ಟೆ. ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಟೇಬಲಿನಲ್ಲಿ ಅಣ್ಣತಂಗಿಯರಿಬ್ಬರಿಗೂ ಎಂಟೂ ಬಗೆಯ ಊಟ, ಮಾಲೀಕರ ಲೆಕ್ಕದಲ್ಲಿ, ಗೌರವದ ಬೀಳ್ಕೊಡುಗೆ ಎಂದರು.

"ಆ ಊಟಾನೂ ಬೇಡ, ಗೌರವಾನೂ ಬೇಡ" ಎಂದೆ ನಾನು.

"ಹಾಗೆಲ್ಲ ಅನ್ನಬೇಡ. ಒಂದ್ಸಲ ಕೂತು ನೋಡೋಣ" ಎಂದ ಅಣ್ಣ. ಅಷ್ಟು ವರ್ಷದಲ್ಲಿ ಅಲ್ಲಿ ಅವನು ಕೂತೇ ಇರಲಿಲ್ಲ.

ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದ. ಹಾಲ್ ತುಂಬಿತ್ತು. ಅಡುಗೆಯವರು, ಸರ್ವರುಗಳು, ಎಲ್ಲರೂ ಬಾಗಿಲ ಸಂದಿಯಿಂದ ಪ್ರೀತಿಯಿಂದಲೇ ಇಣುಕುತ್ತಿದ್ದರು. ನಾವು ಉದ್ದಕ್ಕ ಎಂದು ಕರೆಯುವ ಸರ್ವರ್, ಅಣ್ಣನೇ ಕೈಹಿಡಿದು ಕಲಿಸಿದವಳು, ಬಂದು ಸೂಪು ಸುರಿದಳು. ಒಂದು ಹನಿ ಆಚೆ ಬೀಳಲಿಲ್ಲ. ಅವಳ ಕಣ್ಣು ತುಂಬಿತ್ತು.

ಅಣ್ಣ ಚಮಚ ಎತ್ತಿದ. ಅಂಗಿಯ ತೋಳು ಹಗುರ. ಬಟ್ಟಲಿಗೆ ಚಮಚ ಟಕಟಕ ಬಡಿಯಿತು. ಪಕ್ಕದ ಟೇಬಲಿನವರು ತಿರುಗಿದರು. ಅವನು ಚಮಚ ಇಟ್ಟು, ಎರಡೂ ಕೈಗಳನ್ನು ಟೇಬಲಿನ ಕೆಳಗೆ ಸೇರಿಸಿಬಿಟ್ಟ.

"ನೀನು ತಿನ್ನು. ಬಿಸಿ ಇದೆಯಾ?"

"ಇದೆ. ಬಾಯಿ ತೆಗಿ ಅಣ್ಣ, ನಾನು ಕುಡಿಸ್ತೀನಿ. ಯಾರೂ ನೋಡ್ತಿಲ್ಲ."

"ಎಲ್ಲರೂ ನೋಡ್ತಿದ್ದಾರೆ. ಬೇಡ ಕಣೇ. ಇಲ್ಲಿ ಬೇಡ."

ನನಗೂ ಬೇಡವಾಗಿತ್ತು. ಆದರೂ ತಿಂದೆ, ಅವನು ನೋಡುತ್ತಿದ್ದನಲ್ಲ. ಎಂಟು ತಟ್ಟೆ ಅವನೆದುರಿಗೆ ಬಂದವು, ಎಂಟೂ ಹಾಗೇ ಅಡುಗೆಮನೆಗೆ ವಾಪಸು ಹೋದವು. ಕೊನೆಯಲ್ಲಿ ಮ್ಯಾನೇಜರ್ ನಗುತ್ತ ಬಂದು ಊಟ ಹೇಗಿತ್ತು ಎಂದು ಕೇಳಿದ.

ಅಣ್ಣ ಥಟ್ಟನೆ ಎದ್ದು ನಿಂತ, ಕೈ ಎರಡನ್ನೂ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು.

"ತುಂಬಾ ಚೆನ್ನಾಗಿತ್ತು ಸರ್," ಎಂದ.