ಮೂಳೆಯೊಳಗೆ ಉಳಿದ ಮೊನೆ

ಹೊಲಿಗೆ ಕಾರ್ಖಾನೆಯ ನಾಲ್ಕನೇ ಸಾಲಿನಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಅಂಗಿಗೆ ಕಾಲರ್ ಕೂರಿಸುವುದೊಂದೇ ಅವಳ ಕೆಲಸ. ತೋಳು, ಜೇಬು, ಗುಂಡಿ ಎಲ್ಲ ಬೇರೆಯವರ ಪಾಲು. ಕಾಲರಿನ ತುದಿ ತಿರುಗುವ ಕಡೆ ಬಟ್ಟೆಯನ್ನು ಎಡಗೈ ತೋರುಬೆರಳಿನಿಂದ ಸೂಜಿಯ ಪಕ್ಕದಲ್ಲೇ ಒತ್ತಿ ಹಿಡಿಯಬೇಕು. ಆ ಬೆರಳಿಲ್ಲದಿದ್ದರೆ ಕಾಲರಿಲ್ಲ.

"ನಮ್ಮಕ್ಕ ಬಸ್ಸಲ್ಲಿ ಯಾರ ಮುಖಾನೂ ನೋಡಲ್ಲ, ಬರೀ ಕುತ್ತಿಗೆ ನೋಡ್ತಾಳೆ" ಎಂದು ಪಕ್ಕದ ಮಿಷನ್ನಿನವರು ನಗುತ್ತಿದ್ದರು. ಅದು ಸುಳ್ಳೂ ಅಲ್ಲ.

ಆ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಒಂದು ಕ್ರಮವಿತ್ತು. ಚೂರುಗಳನ್ನೆಲ್ಲ ಹುಡುಕಿ, ಸೂಜಿ ರಿಜಿಸ್ಟರಿನ ಹಾಳೆಯ ಮೇಲೆ ಜೋಡಿಸಿ, ಟೇಪು ಅಂಟಿಸಿ ಸಹಿ ಹಾಕಿದರೆ ಮಾತ್ರ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಇಡೀ ಸಾಲು ನಿಲ್ಲುತ್ತದೆ. ಅಂಗಿ ತೊಟ್ಟವರಿಗೆ ಚುಚ್ಚಬಾರದಲ್ಲ.

ಒಂದು ದಿನ ಸೂಜಿ ಅವಳ ಉಗುರಿನ ಪಕ್ಕದಿಂದ ಬೆರಳಿಗೆ ಇಳಿದು ಮುರಿಯಿತು. ಎರಡು ಚೂರು ಸಿಕ್ಕಿದವು, ಮೊನೆ ಸಿಗಲಿಲ್ಲ. ಅಂಗಿಯ ಮೇಲೆ ಅಯಸ್ಕಾಂತ ಆಡಿಸಿದಳು, ಏನೂ ಅಂಟಲಿಲ್ಲ. ಹೊರಗೆ ಲಾರಿ ಕಾಯುತ್ತಿತ್ತು, ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ಮಿಷನ್ ಒರೆಸುವಾಗ ಹಿಂದೆಂದೋ ಸಿಕ್ಕಿದ್ದ ಹಳೆಯ ಮೊನೆಯೊಂದು ಅವಳ ಡಬ್ಬಿಯಲ್ಲಿತ್ತು. ಅದನ್ನೇ ಜೋಡಿಸಿ, ಟೇಪು ಹಾಕಿ ಸಹಿ ಮಾಡಿದಳು. ಕಳೆದದ್ದು ನೆಲದಲ್ಲೆಲ್ಲೋ ಬಿದ್ದಿರುತ್ತದೆ ಎಂದುಕೊಂಡಳು.

ಬೆರಳು ಊದಿತು. ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು, ಊತ ಇಳಿಯಿತು, ಮಾತ್ರೆ ಮುಗಿದ ಮೇಲೆ ಮತ್ತೆ ಏರಿತು. ಹೀಗೆ ಮೂರು ಸಲವಾಯಿತು. ಮೇಲೆ ಚರ್ಮ ಕೂಡಿಕೊಳ್ಳುತ್ತಿತ್ತು, ಒಳಗೆ ಮಾತ್ರ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ. ಎರಡು ತಿಂಗಳಾದ ಮೇಲೆ ಅತ್ತೆಯೇ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಮೂಳೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆರಳ ತುದಿಯ ಮೂಳೆ ಗೆದ್ದಲು ತಿಂದ ಮರದ ಹಾಗಿತ್ತು. ನಡುವೆ ಒಂದು ಬಿಳಿ ಗೆರೆ.

"ಸೂಜಿ ಅಲ್ವೇನಮ್ಮ ಇದು?"

ಅವಳು ತಲೆ ತಗ್ಗಿಸಿದಳು.

"ಸೋಂಕು ಮೂಳೆಯೊಳಗೆ ಕೂತಿದೆ. ಸತ್ತ ಮೂಳೆಗೆ ರಕ್ತ ಹೋಗಲ್ಲ, ರಕ್ತ ಹೋಗದ ಕಡೆ ಔಷಧಿಯೂ ಹೋಗಲ್ಲ. ಬರೀ ಮಾತ್ರೆಗೆ ಹೇಗೆ ವಾಸಿಯಾಗುತ್ತೆ?"

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ್ಕೊಂಡ್ಯಲ್ಲೇ!" ಎಂದಳು ಅತ್ತೆ. "ನಾನಾದ್ರೆ ಮುಳ್ಳು ಚುಚ್ಚಿದ್ರೂ ಊರಿಗೇ ಕೇಳೋ ಹಾಗೆ ಕಿರುಚ್ತೀನಿ."

ಕೈ ಮರಗಟ್ಟಿಸಿ, ಬೆರಳು ಕೊಯ್ದು, ಮೊನೆ ತೆಗೆದರು. ಸತ್ತ ಮೂಳೆಯನ್ನು ಕೆರೆದು, ಅದರದೊಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಯಾವ ರೋಗಾಣು, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಮೊದಲ ವಾರ ನರಕ್ಕೆ ಚುಚ್ಚಿ ಔಷಧಿ, ಆಮೇಲೆ ಐದು ವಾರ ಮಾತ್ರೆ.

"ನೋವು ಹೋಯ್ತು ಅಂತ ನಿಲ್ಲಿಸ್ಬೇಡಿ, ಬೆರಳಿಗೆ ಕೆಲಸಾನೂ ಕೊಡ್ಬೇಡಿ. ಸೋಂಕು ಮತ್ತೆ ಎದ್ರೆ ಬೆರಳನ್ನ ಈ ಗಿಣ್ಣಿನ ತನಕ ತೆಗೀಬೇಕಾಗುತ್ತೆ" ಎಂದರು ಡಾಕ್ಟರಮ್ಮ.

ಮೂರನೇ ವಾರ ನೋವು ಹೋಯಿತು. ಅದೇ ವಾರ ಸೂಪರ್‌ವೈಸರ್ ಫೋನು ಬಂತು. "ಸೋಮವಾರ ಬಂದ್ಬಿಡಿ ಅಕ್ಕ. ಆಗಲ್ಲ ಅಂದ್ರೆ ಡಾಕ್ಟ್ರ ಚೀಟಿ ತನ್ನಿ. ಎರಡೂ ಇಲ್ಲ ಅಂದ್ರೆ ನಿಮ್ಮ ಮಿಷನ್ನಿಗೆ ಬೇರೆಯವರನ್ನ ಕೂರಿಸ್ತಾರೆ, ನನ್ನ ಕೈಲೇನಿಲ್ಲ."

ಡಾಕ್ಟರಮ್ಮನಿಂದ ಚೀಟಿ ಸಿಕ್ಕಿತು. ಆದರೆ ಅದರಲ್ಲಿ, ಮೂಳೆಯಿಂದ ಹೊಲಿಗೆ ಸೂಜಿಯ ಮೊನೆ ತೆಗೆಯಲಾಗಿದೆ ಎಂದಿತ್ತು.

"ಬರೀ ಕೀವು ಅಂತ ಬರೀರಿ ಮೇಡಂ, ಕೈ ಮುಗೀತೀನಿ."

"ಮುಗಿಯೋಕೆ ಹೋಗಿ ಆ ಬೆರಳು ಒತ್ತಬೇಡಿ. ತೆಗೆದಿದ್ದನ್ನೇ ನಾನು ಬರೀಬೇಕು."

ಚೀಟಿ ಕೊಟ್ಟರೆ ರಿಜಿಸ್ಟರಿನ ಸುಳ್ಳು ಬಯಲಾಗಿ ಕಳ್ಳಿ ಎನಿಸಿಕೊಳ್ಳಬೇಕು, ಕೊಡದೆ ಕೆಲಸಕ್ಕೆ ಹೋದರೆ ಬೆರಳು ಹೋಗುತ್ತದೆ. ಅಡಕತ್ತರಿಗೆ ಸಿಕ್ಕಿದ ಹಾಗಾಯಿತು. ಎರಡು ದಿನ ಚೀಟಿ ದಿಂಬಿನ ಕೆಳಗೇ ಇತ್ತು. ಭಾನುವಾರ ಅವಳು ಮನೆಯ ಹೊಲಿಗೆ ಮಿಷನ್ನಿನ ಮೇಲೆ ಹಳೆಯ ಬಟ್ಟೆ ಹರಡಿ, ನಡುಬೆರಳಿನಿಂದ ಒತ್ತಿ ಹಿಡಿಯಲು ಕಲಿಯತೊಡಗಿದಳು. ಬಟ್ಟೆ ಸೊಟ್ಟ ಸೊಟ್ಟ ಓಡಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಸುಳ್ಳು ಹೇಳಿ ಕೆಲಸ ಉಳಿಸ್ಕೋತೀಯ, ಬೆರಳು ಕಳ್ಕೋತೀಯ. ಆಮೇಲೆ ಆ ಕೆಲಸಾನ ಯಾವುದರಲ್ಲಿ ಮಾಡ್ತೀಯ, ಮೂಗಲ್ಲಾ?"

ಸೋಮವಾರ ಅವಳು ಚೀಟಿಯನ್ನೇ ಕೊಟ್ಟಳು. ಸೂಪರ್‌ವೈಸರ್ ಎರಡು ಸಲ ಓದಿ, ರಿಜಿಸ್ಟರ್ ತರಿಸಿ, ಹಾಳೆಗಳನ್ನು ಹಿಂದಕ್ಕೆ ಮಗುಚಿದ.

"ಇಲ್ಲಿ ಮೂರು ಚೂರೂ ಇದೆಯಲ್ಲ ಅಕ್ಕ?"

"ಆ ಮೊನೆ ಬೇರೆ ಸೂಜಿದು. ನಾನೇ ಅಂಟಿಸಿದ್ದು."

ಮಿಷನ್‌ಗಳ ಸದ್ದಿನಲ್ಲಿ ಆತ ರಿಜಿಸ್ಟರ್ ಮುಚ್ಚಿ ಹತ್ತಿರ ಬಂದ. "ಮೂರು ವಾರ ರಜೆ ಬರ್ಕೋತೀನಿ. ಆಮೇಲೆ ಕಾಲರಿಗೆ ಕೂರಿಸ್ತಾರೋ, ಮನೆಗೆ ಕಳಿಸ್ತಾರೋ, ಮೇಲಿನೋರು ಹೇಳ್ಬೇಕು."

"ಅವರಿಗೆ ಹೇಳ್ತೀರಾ?"

"ಹೇಳ್ದೆ ಇರೋಕಾಗುತ್ತಾ ಅಕ್ಕ?"

ಅವಳ ಜಾಗದಲ್ಲಿ ಆಗಲೇ ಯಾರೋ ಕುಳಿತಿದ್ದರು. ಅವಳು ಅತ್ತ ನೋಡದೆ ಹೊರಬಂದು, ಗೇಟಿನಾಚೆಯ ಕಲ್ಲಿನ ಮೇಲೆ ಕುಳಿತಳು. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಒಂದೇ ಕೈಯಲ್ಲಿ ಅದರ ಪಟ್ಟಿ ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿ, ನೀರಿಲ್ಲದೆಯೇ ನುಂಗಿದಳು.