ನೀರು ಕುಡಿಯದ ಕುರ್ಚಿ

ಮೊನ್ನೆ ಸಂಜೆ ಮಳೆ ಬಂತು. ಪಕ್ಕದ ಮನೆಯವರು ಮಾಳಿಗೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಮರೆತುಬಿಟ್ಟಿದ್ದರು. ಅದರ ಮೇಲೆ ಹನಿ ಬಿದ್ದ ಸದ್ದು ಕೇಳಿ ನಾನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಮೊದಲು ಬಿಡಿಬಿಡಿಯಾಗಿ, ಆಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಯಾರೋ ಬೆರಳಾಡಿಸಿದ ಹಾಗೆ. ರಾಯಚೂರಿನ ಮಳೆ ಗೊತ್ತಲ್ಲ, ಬಂದೆ ಅನ್ನುವುದರೊಳಗೆ ಹೋಗಿರುತ್ತದೆ. ಇದೂ ಹೋಯಿತು, ಸದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಅರವತ್ತು ದಾಟಿದ ಮೇಲೆ ನೆನಪುಗಳನ್ನು ಕರೆಯಬೇಕಾಗಿಲ್ಲ, ಓಡಿಸುವುದೇ ಒಂದು ಕೆಲಸ. ಅದಕ್ಕೂ ಈಗ ನನಗೆ ತ್ರಾಣವಿಲ್ಲ. ಸುಮ್ಮನೆ ಕೂತು ಕೇಳಿದೆ. ಕೋಟೆಯ ಹತ್ತಿರದ ನಮ್ಮ ಹಳೇ ಮನೆಯ ಅಂಗಳದಲ್ಲಿ ದಿನಕ್ಕೆ ಎರಡು ಸಲ ಕೇಳುತ್ತಿದ್ದ ಸದ್ದು ಅದು. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳಾಗಿವೆ.

ಅಪ್ಪನ ತಮ್ಮ, ನಮ್ಮ ಶಾಮಕಾಕಾ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಗುಡಿಯ ಪೂಜೆ, ಪಾಠ, ಏಕಾದಶಿಯ ಉಪವಾಸ ಇಷ್ಟರಲ್ಲೇ ತಲೆಮಾರುಗಳನ್ನು ಕಳೆದ ವೈಷ್ಣವ ಮನೆತನ ನಮ್ಮದು. ಯಾರಿಗೂ ಹಿಡಿಯದ ಹುಚ್ಚು ಇವನಿಗೆ ಹಿಡಿಯಿತು. ಡ್ರಾಯಿಂಗ್ ಪರೀಕ್ಷೆಗೆಂದು ಹೈದರಾಬಾದಿಗೆ ಹೋದವನು ಅಲ್ಲಿ ಯಾವುದೋ ಲೈಬ್ರರಿಯಲ್ಲಿ ಪರದೇಶದ ಹೊಸ ಬಗೆಯ ಕುರ್ಚಿಗಳ ಪುಸ್ತಕ ನೋಡಿಕೊಂಡು ಬಂದ. ಅಂದಿನಿಂದ ಕೆತ್ತನೆ, ಹೂಬಳ್ಳಿ, ಸಿಂಹದ ಪಾದ ಇದ್ದ ಕುರ್ಚಿ ಕಂಡರೆ ಮುಖ ತಿರುಗಿಸುತ್ತಿದ್ದ. "ಕುರ್ಚಿಗೆ ಒಡವಿ ಯಾಕ ಬೇಕು? ಅದೇನು ಮದಿವಿ ಹೆಣ್ಣ?" ಅನ್ನುತ್ತಿದ್ದ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಸರ್ಕಾರಿ ಕಚೇರಿಗಳು ಹಳೇ ಸಾಮಾನು ಹರಾಜು ಹಾಕುತ್ತಿದ್ದವು. ಆ ಸುದ್ದಿ ಕಿವಿಗೆ ಬಿದ್ದರೆ ಸಾಕು, ದೇವದುರ್ಗವೋ ಮಾನ್ವಿಯೋ ಬಸ್ಸು ಹತ್ತಿ ಹೋಗಿಬಿಡುತ್ತಿದ್ದ. ಬರುವಾಗ ಬಸ್ಸಿನ ಟಾಪಿನ ಮೇಲೆ ಜೋಳದ ಚೀಲಗಳ ನಡುವೆ ಒಂದು ಕುರ್ಚಿ ಕಾಲು ಮೇಲೆ ಮಾಡಿಕೊಂಡು ಕೂತಿರುತ್ತಿತ್ತು. ಸಾಗವಾನಿಯ ಕಾಲುಗಳನ್ನು ಕತ್ತರಿಯ ಹಾಗೆ ಓರೆ ನಿಲ್ಲಿಸಿ ಬೆತ್ತ ಹೆಣೆದದ್ದು ಒಂದು ಬಗೆ. ಕಲ್ಲೂರಿನ ಡಾಕ್ಟರೊಬ್ಬರು ಮನೆ ಖಾಲಿ ಮಾಡುವಾಗ ಬಿಸಾಕಿದ್ದ, ಪ್ಲೈವುಡ್ಡನ್ನು ಹಪ್ಪಳದ ಹಾಗೆ ಬಗ್ಗಿಸಿ ಮಾಡಿದ್ದು ಇನ್ನೊಂದು. ಹರಿದ ಬೆತ್ತವನ್ನು ತಾನೇ ಮತ್ತೆ ಹೆಣೆಯಲಿಕ್ಕೆ ಬಚ್ಚಲ ಹಂಡೆಯಲ್ಲಿ ಬೆತ್ತ ನೆನೆ ಹಾಕುತ್ತಿದ್ದ. ನಾವು ಮಿಂದು ಶಾಲೆಗೆ ಹೋದರೆ ಮೈಯೆಲ್ಲ ನೆನೆದ ಹುಲ್ಲಿನ ವಾಸನೆ.

ಮನೆ ತುಂಬ ಕುರ್ಚಿ, ಮನೆಯವರೆಲ್ಲ ನೆಲದ ಮೇಲೆ. ಹಾಗಿತ್ತು ನಮ್ಮ ಸಂಸಾರ. ಉಣ್ಣುವುದು ಮಣೆಯ ಮೇಲೆ, ಓದುವುದು ಚಾಪೆಯ ಮೇಲೆ. ಕುರ್ಚಿಗಳು ಮಾತ್ರ ಪಡಸಾಲೆಯಲ್ಲಿ ಬೀಗರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಅಜ್ಜಿಗೆ, ಅಂದರೆ ಕಾಕಾನ ಅವ್ವನಿಗೆ, ಮಗನಿಗೆ ಹೆಣ್ಣು ಹುಡುಕಿ ಸಾಕಾಗಿತ್ತು. "ಹುಚ್ಚು ಬಿಡೂ ತನಕ ಮದಿವಿ ಆಗೂದಿಲ್ಲ, ಮದಿವಿ ಆಗೂ ತನಕ ಹುಚ್ಚು ಬಿಡೂದಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಉಕ್ಕಿನ ಕೊಳವೆಯನ್ನು ಬಗ್ಗಿಸಿ, ಮುಂದಿನ ಎರಡೇ ಕಾಲಿನ ಮೇಲೆ ನಿಲ್ಲಿಸಿದ ಕುರ್ಚಿಯೊಂದು ಬಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಿಂದಿನ ಕಾಲು ಹರಾಜಿನವರು ಇಟ್ಟಗೊಂಡರೇನು?" ಎಂದಳು. ಕಾಕಾ ನಕ್ಕ. ಅವನಿಗೆ ಅವ್ವ ಬೈದರೆ ಸಿಟ್ಟು ಬರುತ್ತಿರಲಿಲ್ಲ, ಅವ್ವ ಕೂಡಲಿಲ್ಲವಲ್ಲ ಎಂಬ ಬೇಜಾರು ಮಾತ್ರ ಇತ್ತು.

ಕಾಲುವೆ ಕೆಲಸಕ್ಕೆಂದು ಮಾನ್ವಿ ಕಡೆಯ ಕ್ಯಾಂಪಿನಲ್ಲಿದ್ದ ಪರದೇಶದ ಇಂಜಿನಿಯರೊಬ್ಬರು ಊರು ಬಿಟ್ಟಾಗ ಕಾಕಾ ಅವರ ಬಂಗಲೆಯಿಂದ ಒಂದು ಫೈಬರ್ ಕುರ್ಚಿ ತಂದ. ಕಿತ್ತಳೆ ಬಣ್ಣ. ಬೆನ್ನು, ತೋಳು, ಕೂಡುವ ಜಾಗ ಎಲ್ಲ ಒಂದೇ ತುಂಡು, ತೆಂಗಿನ ಕರಟದ ಹೋಳಿನ ಹಾಗೆ; ಕೆಳಗೆ ಕಡ್ಡಿಯಂಥ ಕಬ್ಬಿಣದ ಕಾಲು. ಅದನ್ನು ಮಾಡಿದವನ ಹೆಸರು ಕಾಕಾನಿಗೆ ಗೊತ್ತಿತ್ತು, ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಅಜ್ಜಿ ಅದನ್ನು ಹೊಸ್ತಿಲು ದಾಟಗೊಡಲಿಲ್ಲ. "ಅದರಾಗ ಆ ದೊರಿ ಕೂತು ಏನೇನು ತಿಂದಾನೋ!" ಹಾಗಾಗಿ ಅದು ಅಂಗಳದ ಬೇವಿನ ಗಿಡದ ಕೆಳಗೆ ಉಳಿಯಿತು. ಬಿಸಿಲಿಗೆ ಸೀಳಲಿಲ್ಲ, ಮಳೆಗೆ ಉಬ್ಬಲಿಲ್ಲ.

ಅದರಲ್ಲಿ ಕೂತವನು ಯಲ್ಲಪ್ಪ. ಕಾಕಾನ ಶಾಲೆಯ ಜವಾನ, ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವನು, ಕೂಲಿ ಮಾಡಿ ಬೆಳೆದು ಓದಿನ ರುಚಿ ಹತ್ತಿಸಿಕೊಂಡ ಮನುಷ್ಯ. ಸಂಜೆ ಶಾಲೆ ಬಿಟ್ಟ ಮೇಲೆ ಕಾಕಾನ ಜೊತೆ ಬಂದು ಕುರ್ಚಿಗಳ ರಿಪೇರಿಗೆ ಕೈ ಹಚ್ಚುತ್ತಿದ್ದ. ಅವನ ಚಹಾದ ಕಪ್ಪು ಬೇರೆ, ಹೊರಗಿನ ಗೂಡಿನಲ್ಲಿ ಬೋರಲು ಇರುತ್ತಿತ್ತು. ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ಇತ್ತು. ಮೊದಲ ದಿನ ಕಾಕಾ, "ಯಲ್ಲಪ್ಪಾ, ಕೂಡ್ರು. ನಿಂತಗೊಂಡು ಚಹಾ ಕುಡಿಯೋದು ನನಗ ನೋಡಲಿಕ್ಕೆ ಆಗೂದಿಲ್ಲ" ಎಂದಾಗ ಅವನು ಬೀದಿಯ ಕಡೆ ಒಮ್ಮೆ, ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿದ. ಆಮೇಲೆ ಕೂತ. ಬೆನ್ನು ಆನಿಸಿದ. "ಇದು ಮೈ ಹಿಡೀತದ್ರಿ ಮಾಸ್ತರ" ಎಂದ. ನಂತರ ಅದು ಯಲ್ಲಪ್ಪನ ಕುರ್ಚಿಯೇ ಆಯಿತು, ನಾವು ಮಕ್ಕಳು ಕೂಡ ಹಾಗೇ ಕರೆಯುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಬೇಸಿಗೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಮೊಣಕಾಲು ಮಡಚುವುದು ನಿಂತುಹೋಯಿತು. ಅವಳದು ಒಂದೇ ಊಟ. ಮಿಂದು, ಮಡಿಯುಟ್ಟು, ದೇವರ ನೈವೇದ್ಯವಾದ ಮೇಲೆ, ಮಧ್ಯಾಹ್ನ, ಮಣೆಯ ಮೇಲೆ ಕೂತು. ಈಗ ಮಣೆಯ ಮೇಲೆ ಕೂಡಲಾರಳು. ನಿಂತು ಉಣ್ಣುವುದು ದನದ ಕೆಲಸ ಅನ್ನುತ್ತಾಳೆ. ಮಂಚ ಮೈಲಿಗೆ. ಗುಡಿಯ ಆಚಾರ್ಯರನ್ನು ಕರೆಸಿ ಅಪ್ಪ ಹೇಳಿಸಿದ್ದಾಯಿತು, ವಯಸ್ಸಾದವರಿಗೆ ದೋಷವಿಲ್ಲವೆಂದು. "ಅವರಿಗೂ ನನ್ನಷ್ಟು ವಯಸ್ಸಾಗಲಿ, ಆಮ್ಯಾಲೆ ಕೇಳೋಣಂತ" ಎಂದುಬಿಟ್ಟಳು. ಗೋಡೆ ಹಿಡಿದು ನಿಂತು ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಅಮ್ಮ ದಿನಾ ಎಲೆ ಹಾಕಿ, "ಅತ್ತೀ, ಎರಡು ತುತ್ತರೆ" ಎಂದು ಕಣ್ಣೀರು ಹಾಕಿ, ಮತ್ತೆ ಎಲೆ ಎತ್ತುತ್ತಿದ್ದಳು. ಅಜ್ಜಿಯ ಬಳೆಯಿಲ್ಲದ ಕೈ ಇನ್ನೂ ಸಣ್ಣಗಾಯಿತು.

ಕಾಕಾ ಪಡಸಾಲೆಯ ಕುರ್ಚಿಗಳನ್ನು ಒಂದೊಂದಾಗಿ ತೊಳೆದು ಅವಳ ಮುಂದೆ ತಂದಿಟ್ಟ. ಒಂದೂ ನಡೆಯಲಿಲ್ಲ. "ಈ ಜಾಳಿಗಿ ಸಂದಿಯೊಳಗ ಎಷ್ಟು ಮಂದಿ ಮೈಲಿಗಿ ಕೂತದ ಗೊತ್ತೇನು? ತೊಳದರ ಹೋಗ್ತದೇನು?" ಕಟ್ಟಿಗೆ ನೀರು ಕುಡಿಯುತ್ತದೆ, ಕುಡಿದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ ಎನ್ನುವುದು ಅವಳ ವಾದ. ಕಾಕಾ ಆ ದಿನ ಪಡಸಾಲೆಯಲ್ಲಿ ತನ್ನ ಕುರ್ಚಿಗಳ ನಡುವೆ ನೆಲದ ಮೇಲೆ ಕೂತು, "ಇಷ್ಟು ಕೂಡಿ ಹಾಕಿದೆ ವೈನಿ. ಹಡೆದವ್ವಗ ಕೂಡಲಿಕ್ಕೆ ಒಂದಿಲ್ಲ" ಎಂದು ಅಮ್ಮನ ಮುಂದೆ ಅತ್ತ. ದೊಡ್ಡ ಗಂಡಸು ಅಳುವುದನ್ನು ನಾನು ಮೊದಲು ನೋಡಿದ್ದು ಆವಾಗ.

ಆಮೇಲೆ ಜೂನಿನಲ್ಲಿ ಮಿರಗದ ಮಳೆ ಬಂತು. ಅಜ್ಜಿ ಅಂಗಳದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೇವಿನ ಕೆಳಗಿನ ಕುರ್ಚಿಯ ಮೇಲೆ ಮಳೆ ಸದ್ದು ಮಾಡುತ್ತ ಬಿದ್ದು, ಹಾಗೇ ಜಾರಿ, ಮುಂದಿನ ಅಂಚಿನಿಂದ ಸುರಿದುಹೋಗುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು.

"ಶಾಮಾ, ಆ ಕುರ್ಚಿ ನೀರು ಕುಡಿಯೂದಿಲ್ಲೇನು?"

"ಇಲ್ಲವ್ವಾ. ಒಂದು ಹನಿನೂ ಒಳಗ ಹೋಗೂದಿಲ್ಲ."

"ಕಟ್ಟಿಗಿ ಅಲ್ಲ?"

"ಅಲ್ಲ."

"ಅರಿವಿ ಅಲ್ಲ, ತೊಗಲಲ್ಲ?"

"ಅಲ್ಲವ್ವಾ. ಗಾಜಿನ ಜಾತಿ."

ಒಳಗೆ ಗಾಜಿನ ನೂಲಿರುತ್ತದೆ ಎಂಬ ಮಾತನ್ನು ಕಾಕಾ ನುಂಗಿಕೊಂಡ. ನೂಲು ಎಂದಿದ್ದರೆ ಅರಿವೆಯ ಲೆಕ್ಕಕ್ಕೆ ಹೋಗಿ ಎಲ್ಲ ಕೆಡುತ್ತಿತ್ತು. ಅಜ್ಜಿ ತಾನೇ ತೀರ್ಪು ಕೊಟ್ಟಳು. "ನೀರು ಹೋಗದ ಕಡೆ ಮೈಲಿಗಿ ಹೆಂಗ ಹೋದೀತು? ಒಂದು ಕೊಡ ಹಾಕಿ ಒಳಗ ತಾ." ಕಾಕಾ ಮಳೆಯಲ್ಲೇ ಓಡಿದ. ಮಳೆಯ ನೀರು ಸಾಲದೆಂದು ಮೇಲೆ ಒಂದು ಕೊಡ ಸುರಿದು ಹೊತ್ತು ತಂದ. ಮರದ ಪೆಟ್ಟಿಗೆಯ ಮೇಲೆ ಎಲೆ ಹಾಕಿದರು. ಅಜ್ಜಿ ಕಿತ್ತಳೆ ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ತಾಗದೆ ತೂಗಾಡುತ್ತಿರಲು, ಸಾರನ್ನ ಉಂಡಳು. ಎರಡನೇ ಸಲ ಹಾಕಿಸಿಕೊಂಡಳು. ಅಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಒಲೆಯ ಕಡೆ ತಿರುಗಿದಳು.

ಆ ಕುರ್ಚಿಯಲ್ಲಿ ಯಲ್ಲಪ್ಪ ಕೂಡುವುದು ಅಜ್ಜಿಗೆ ಗೊತ್ತಿಲ್ಲವೆಂದಲ್ಲ, ದಿನಾ ಕಿಟಕಿಯಿಂದ ನೋಡಿದವಳೇ. ಅಜ್ಜಿ ಬದಲಾದಳು ಎಂದು ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ. ಅವಳು ಬದಲಾಗಲಿಲ್ಲ. ಬದಲಾದದ್ದು ಮೊಣಕಾಲು ಮಾತ್ರ. ಸಂಜೆ ಕಾಕಾ ಕುರ್ಚಿಯನ್ನು ಮತ್ತೆ ಬೇವಿನ ಕೆಳಗೆ ತಂದಿಟ್ಟ. ಯಲ್ಲಪ್ಪ ಬಂದಾಗ ಕಾಕಾ ಸಂಕೋಚಪಡುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವ್ವ ಇದರಲ್ಲಿ ಕೂತು ಉಣ್ಣುತ್ತಾಳೆ, ಅದಕ್ಕೆ ಮೊದಲು ನೀರು ಹಾಕಬೇಕು ಅಂತಾಳೆ. ಯಲ್ಲಪ್ಪ ಕೂಡಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ.

"ಅವ್ವಾರು ಉಂಡ್ರಲ್ರಿ, ಅಷ್ಟ ಸಾಕು. ಹಂಗಾದ್ರ ನಾ ಕುಂದ್ರೂಕಿಂತ ಮೊದ್ಲೂ ಒಂದ್ ಕೊಡ ಹಾಕ್ರಿ ಮಾಸ್ತರ. ನಂದೂ ಒಂದ್ ಮಡಿ ಅದ."

ಕಾಕಾ ಅವನ ಮುಖ ನೋಡಿದ. ಯಲ್ಲಪ್ಪ ನಗುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಕಾಕಾ ಹೋಗಿ ಕೊಡ ತಂದು ಸುರಿದ. ಒಳಗಿನಿಂದ ಅಜ್ಜಿ, "ಸಂಜಿಮುಂದ ಯಾಕೋ ನೀರು?" ಎಂದು ಕೂಗಿದಳು. ಕಾಕಾ ಅದನ್ನೂ ಮುಚ್ಚಿಡದೆ ಹೇಳಿದ.  ಒಳಗಿನಿಂದ ಮಾತು ಬಂತು: "ನೀರು ಹಾಕಿ ಒರಸಿ ಕೊಡು. ತಂಪಿಗೆ ಅವನ ಸೊಂಟ ಹಿಡದೀತು."

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಮಧ್ಯಾಹ್ನ ಅಜ್ಜಿಗಾಗಿ ಒಂದು ಕೊಡ, ಸಂಜೆ ಯಲ್ಲಪ್ಪನಿಗಾಗಿ ಒಂದು ಕೊಡ. ಬೇಸಿಗೆಯಲ್ಲಿ ನಲ್ಲಿ ಬಾರದೆ ಭಾವಿಗೆ ಅಲೆಯುವಾಗ ಅಮ್ಮ, "ಈ ಇಬ್ಬರ ಮಡಿಯೊಳಗ ನನ್ನ ರಟ್ಟಿ ಬಿದ್ದು ಹೋದವು" ಎಂದು ಗೊಣಗುತ್ತಿದ್ದಳು. ಇಬ್ಬರೂ ಒಂದು ದಿನವೂ ಬಿಟ್ಟುಕೊಡಲಿಲ್ಲ. ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಿದ್ದೂ ಇಲ್ಲ. ಅಜ್ಜಿ ಕಿಟಕಿಯಿಂದ, "ಯಲ್ಲಪ್ಪಾ, ಮಗಳ ಪರೀಕ್ಷಾ ಆತೇನು?" ಎಂದು ಕೇಳುವಳು. ಅವನು ಕುರ್ಚಿಯಿಂದಲೇ, "ಆತ್ರಿ ಅವ್ವಾರ" ಅನ್ನುವನು. ಏಳುತ್ತಿರಲಿಲ್ಲ. ಅವಳೂ ಏಳಲೆಂದು ಕಾಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಹೈದರಾಬಾದಿನಿಂದ ಹಳೇ ಕುರ್ಚಿ ಕೊಳ್ಳುವವನೊಬ್ಬ ಫೋಟೋಗಳನ್ನು ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬಂದಿದ್ದ. ಇಂಥವು ಈಗ ಸಿಗುವುದೇ ಇಲ್ಲ ಮೇಡಂ ಎಂದ. ಎಲ್ಲಿ ತರಲಿ? ಕಾಕಾ ಹೋದ ಮೇಲೆ ಸಾಗವಾನಿಯವು ಯಾರದೋ ಲಗ್ನಕ್ಕೆ ಹೋಗಿ ತಿರುಗಿ ಬರಲಿಲ್ಲ, ಪ್ಲೈವುಡ್ಡಿಗೆ ಗೆದ್ದಲು ಹತ್ತಿತು, ಹಿಂದಿನ ಕಾಲಿಲ್ಲದ ಉಕ್ಕಿನದು ಗುಜರಿಗೆ ಹೋಯಿತು. ಕಿತ್ತಳೆಯದನ್ನು ಅಜ್ಜಿ ಹೋದ ಮೇಲೆ ಕಾಕಾನೇ ಮಸರಕಲ್ಲಿಗೆ, ಯಲ್ಲಪ್ಪನ ಮನೆಗೆ ಮುಟ್ಟಿಸಿ ಬಂದಿದ್ದ. ಬಂದವನಿಗೆ ನಾನು ಅದನ್ನು ಹೇಳಲಿಲ್ಲ. ಹೇಳುವ ಉತ್ಸಾಹವೂ ಇರಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಈಗ ನನ್ನ ಮೊಣಕಾಲೂ ಮಡಚುವುದಿಲ್ಲ, ನಾನೂ ಕುರ್ಚಿಯಲ್ಲೇ ಉಣ್ಣುತ್ತೇನೆ, ಯಾವ ಕುರ್ಚಿ ಎಂದು ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ್ದಕ್ಕೆ ಕೆಲವೊಮ್ಮೆ ಬಹಳ ದುಃಖವಾಗುತ್ತದೆ.

ಅಜ್ಜಿ ತೀರಿಕೊಂಡದ್ದು ಎಂಬತ್ತರ ದಶಕದ ನಡುವೆ, ಒಂದು ಥಂಡಿಯಲ್ಲಿ. ಮನೆಗೆ ಸೂತಕ. ಆ ದಿನಗಳಲ್ಲಿ ನಮ್ಮನ್ನು ಯಾರೂ ಮುಟ್ಟುವಂತಿಲ್ಲ, ನಮ್ಮ ಮನೆಯಲ್ಲಿ ಯಾರೂ ನೀರು ಕುಡಿಯುವಂತಿಲ್ಲ. ಓಣಿಯವರು ಬಂದು ಕಟ್ಟೆಯ ಕೆಳಗೇ ನಿಂತು, ಎರಡು ಮಾತಾಡಿ, ಸೀರೆಯ ನಿರಿಗೆ ಎತ್ತಿ ಹಿಡಿದು ಹೋಗುತ್ತಿದ್ದರು. ಹುಟ್ಟಿದ ಮೇಲೆ ಮೊದಲ ಸಲ ಹೊರಗಿನವರಾಗಿ ನಿಲ್ಲುವುದು ಹೇಗಿರುತ್ತದೆಂದು ನನಗೆ ಗೊತ್ತಾಯಿತು. ಒಂದು ಸಂಜೆ ಯಲ್ಲಪ್ಪ ಬಂದ. ಕುರ್ಚಿ ಬೇವಿನ ಕೆಳಗಿತ್ತು, ಮೇಲೆ ನಾಲ್ಕು ಒಣಗಿದ ಎಲೆ. ತಲೆ ಬೋಳಿಸಿಕೊಂಡಿದ್ದ ಕಾಕಾ ರೂಢಿಯ ಪ್ರಕಾರ ಎದ್ದು ಕೊಡ ಎತ್ತಿಕೊಂಡು ಬಂದ. ಯಲ್ಲಪ್ಪ ಅವನ ಕೈ ಹಿಡಿದ. ಸೂತಕದ ಕೈಯನ್ನು ಹಿಡಿದ.

"ಬ್ಯಾಡ್ರಿ ಮಾಸ್ತರ. ಅವ್ವಾರ ಇಲ್ಲದ ಮ್ಯಾಲ ನಾ ಯಾರ ಕೂಡ ಮಡಿ ಮಾಡ್ಲಿ?"

ಎಲೆಗಳನ್ನು ಕೈಯಿಂದ ಸರಿಸಿ, ಒಣ ಕುರ್ಚಿಯಲ್ಲಿ ಕೂತ. ಕಾಕಾ ತುಂಬಿದ ಕೊಡ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಕತ್ತಲಾಗುವ ತನಕ ಇಬ್ಬರೂ ಅಜ್ಜಿ ಮಾತಾಡಿಸುತ್ತಿದ್ದ ಕಿಟಕಿಯ ಕಡೆ ನೋಡಲಿಲ್ಲ.