ಕಾಫಿ ಕಣದ ಚೆನ್ನಕ್ಕ

ಚೆನ್ನಕ್ಕ ಪಾದ ಎತ್ತಿ ನಡೆದದ್ದನ್ನು ನಾನು ನೋಡಿಲ್ಲ. ಒಣಗಲು ಹರಡಿದ ಕಾಫಿಯಲ್ಲಿ ಬರಿಗಾಲಿನಿಂದ ಸಾಲು ಎಳೆದೂ ಎಳೆದೂ, ಮಾದಾಪುರದ ರಸ್ತೆಯಲ್ಲೂ ಅವರು ಹಾಗೆಯೇ ನಡೆಯುತ್ತಿದ್ದರು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನನ್ನ ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಚೆನ್ನಕ್ಕನದು ಕಣದ ಉಸ್ತುವಾರಿ. ನಮ್ಮ ಎರಡು ವರ್ಷದ ಮಗಳು ಜ್ವರದಲ್ಲಿ ತೀರಿಹೋದ ಮೇಲೆ, ನನಗೆ ನಾನೇ ನೋವು ಮಾಡಿಕೊಳ್ಳಬೇಕೆಂಬ ತುಡಿತ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಕಣದಂಚಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಚೆನ್ನಕ್ಕ ಹತ್ತಿರ ಬಂದರು.

"ನಿನ್ ಮೈಮೇಲೆ ನಿಂಗೇ ಕೋಪ ಬರ್ತದಾ?"

ಹೌದೆಂದು ತಲೆಯಾಡಿಸಿದೆ.

"ನಂಗೂ ಬರ್ತಿತ್ತು. ಚಪ್ಪಲಿ ಬಿಟ್ಟು ಇಳಿ."

ಹಸಿ ಕಾಫಿಯನ್ನು ಆಗಾಗ ಕಾಲಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಆ ಕೆಲಸ ನನ್ನದಾಯಿತು. ತುಡಿತ ಬಂದರೆ ಒಲೆಯ ಮೇಲಿನದನ್ನು ಇಳಿಸಿ ಕಣಕ್ಕೆ ಬರಬೇಕು, ಕಾರಣ ಹೇಳಬೇಕಿಲ್ಲ. "ಅದ್ರ ಜೊತೆ ಜಗ್ಗಾಡ್ಬೇಡ. ಆ ತುದಿವರ್ಗೂ ಹೋಗು. ಆಮೇಲೂ ಇದ್ರೆ ನನ್ನ ಕರಿ, ಇನ್ನೊಂದು ಸಾಲು ಇಬ್ರೂ ಹೋಗಾನ" ಎನ್ನುತ್ತಿದ್ದರು. ಸಾಮಾನ್ಯವಾಗಿ ಮೂರನೆಯ ಸಾಲಿಗೆ ಅದು ಸಡಿಲವಾಗುತ್ತಿತ್ತು. ಆಗದ ದಿನ ಸಂಜೆಯವರೆಗೂ ನನ್ನನ್ನು ಪಕ್ಕದಲ್ಲೇ ಇಟ್ಟುಕೊಂಡು, "ರೈಟ್ರಮ್ಮಂದು ಸಾಲೋ, ಹಾವು ಹರಿದಿದ್ದೋ" ಎಂದು ಆಳುಗಳ ಮುಂದೆ ಛೇಡಿಸುತ್ತಿದ್ದರು.

ಒಂದು ವಾರ ಸಡಿಲವಾಗಲೇ ಇಲ್ಲ. "ಇದು ಬರೀ ಕಾಲಿಗೆ ಬಗ್ಗೋದಲ್ಲ" ಎಂದು ಮಡಿಕೇರಿಯ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಅವಸರ ಮಾಡದೆ ಕೇಳಿಸಿಕೊಂಡು, ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದರು. ಪ್ರತಿ ಸಲವೂ ಚೆನ್ನಕ್ಕ ಹೊರಗಿನ ಬೆಂಚಿನ ಮೇಲೆ ಕಾದರು. ನಿಶ್ಶಕ್ತಿಗೆ ಔಷಧಿ ಎಂದು ಗಂಡನಿಗೆ ಹೇಳಿದ್ದೆ.

ಮಂಡಿ ಸೋತ ಮೇಲೆ ಚೆನ್ನಕ್ಕ ಸೋಮವಾರಪೇಟೆಯ ಮಗಳ ಮನೆಗೆ ಹೊರಟರು. ಬಸ್ಸಿಗೆ ಕಾಯುತ್ತಿದ್ದೆವು. ನನ್ನ ಗಂಡ ಅವರ ಟ್ರಂಕು ಹಿಡಿದು ಹತ್ತು ಹೆಜ್ಜೆ ಆಚೆ ನಿಂತಿದ್ದರು.

"ಇನ್ಮೇಲೆ ಬಂದ್ರೆ ಯಾರಿಗೆ ಹೇಳ್ತೀಯ?"

ಮನೆಯವರಿಗೆ ಎಂದೆ.

"ಅವ್ರಿಗೆ ಗೊತ್ತಾ?"

ನಿಶ್ಶಕ್ತಿ ಅಂತ ಮಾತ್ರ ಗೊತ್ತು ಎಂದೆ. ಅಷ್ಟರಲ್ಲಿ ಬಸ್ಸು ಬಂತು. ಚೆನ್ನಕ್ಕ ಹತ್ತಲಿಲ್ಲ. ಹೋಗಪ್ಪ ಎಂದು ಕಂಡಕ್ಟರನಿಗೆ ಕೈಬೀಸಿ ಮೋರಿಕಟ್ಟೆಯ ಮೇಲೆ ಕುಳಿತರು.

"ಸಂಜೆಗೊಂದು ಬಸ್ಸದೆ. ಹೋಗಿ ಹೇಳ್ಬಾ. ನಾ ಇಲ್ಲೇ ಇರ್ತೀನಿ."

ಹೇಳಿದೆ. ಪೂರ್ತಿ ಹೇಳಲು ಬಹಳ ಹೊತ್ತು ಹಿಡಿಯಿತು. ನನ್ನ ಗಂಡ ಟ್ರಂಕನ್ನು ಕೆಳಗಿಟ್ಟು, ಅದರ ಮೇಲೆ ಕುಳಿತು, ಪಕ್ಕದಲ್ಲಿ ನನಗೆ ಜಾಗ ಮಾಡಿದರು. ಕೊನೆಗೆ, ಮುಂದಿನ ಸಲ ಮಡಿಕೇರಿಗೆ ನಾನು ಬರುತ್ತೇನೆ ಎಂದರು.

ಸಂಜೆಯ ಬಸ್ಸು ಬಂದಾಗ ಚೆನ್ನಕ್ಕ ನನ್ನನ್ನು ಏನೂ ಕೇಳಲಿಲ್ಲ. ನನ್ನ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು, ಆಮೇಲೆ ಬಸ್ಸು ಹತ್ತಿದರು. ಅವರನ್ನು ನಾನು ಕಂಡದ್ದು ಅದೇ ಕೊನೆ.